ಮಣಿ ಹಾಕಿದ ಕ್ರೋಶಾ ಬೆಲ್ಟ್, ಮಣಿ ಪೋಣಿಸೋದ್ರಿಂದ ಗೊಂಡೆ ಕಟ್ಟೋತನ

ನಮ್ಮ ಕೊಪ್ಪಳದ ಕಡೆ ಕ್ರೋಶಾ ಕಡ್ಡಿ ಹಿಡಿಯಾಕ ಬರೋ ಹೆಣ್ಮಕ್ಕಳು ಭಾಳ ಅದಾರ, ಬಾಗಲ ತೋರಣ ಹಾಕ್ತಾರ, ಟೇಬಲ್ ಮ್ಯಾಲಿನ ರುಮಾಲು ಹಾಕ್ತಾರ, ಆದ್ರ ಮಣಿ ಬೆಲ್ಟ್ ಅಂದ ಕೂಡ್ಲೆ "ಅಯ್ಯ ಅದು ನಮ್ ಕೈಲೆ ಆಗಂಗಿಲ್ರಿ" ಅಂತಾರ. ಯಾಕಂದ್ರ ಒಂದೊಂದು ಮಣಿನೂ ಆಮೇಲೆ ಸೂಜಿಲೆ ಕೂತು ಹೊಲೀಬೇಕು ಅಂತ ತಿಳ್ಕೊಂಡಿರ್ತಾರ. ಹಂಗಿಲ್ರಿ. ಮಣಿ ಎಲ್ಲಾ ಮೊದಲ ದಾರಕ್ಕ ಪೋಣಿಸಿ ಇಟ್ಕೊಂಡು, ಹೆಣಿಯೋವಾಗ ಬೇಕಾದಲ್ಲಿ ಒಂದೊಂದ ಮ್ಯಾಲ ಸರಿಸಿ ಕೂರಿಸೋದು, ಅಷ್ಟ. ಚೈನ್ (ಲೂಪಿನಾಗ ಲೂಪ್ ಜಗ್ಗಿ ಮಾಡೋ ಸರಪಳಿ) ಮತ್ತು ಸಿಂಗಲ್ ಕ್ರೋಶಾ (ಕಡ್ಡಿ ತೂರಿಸಿ ದಾರ ಜಗ್ಗಿ, ಎರಡೂ ಲೂಪಿನಾಗ ಒಂದೇ ಸಲ ತೆಗಿಯೋ ಸ್ಟಿಚ್) ಇವೆರಡು ಬಂದ್ರ ಸಾಕು, ಬ್ಯಾರೆ ಯಾವ ಸ್ಟಿಚ್ಚೂ ಬೇಕಾಗಿಲ್ಲ. ಆದ್ರ ಒಂದು ಮಾತು ಮೊದಲ ಹೇಳ್ತೀನಿ, ಈ ಬೆಲ್ಟ್ ಛಲೋ ಆಗೋದು ಬಿಡೋದು ಕಡ್ಡಿ ಹಿಡಿಯೋಕಿಂತ ಮುಂಚೆನ ತೀರ್ಮಾನ ಆಗಿರ್ತೈತಿ. ಅಳತಿ, ಎಣಿಕಿ, ಪೋಣಿಸೋ ಕ್ರಮ ಈ ಮೂರು ಸರಿ ಇದ್ರ ಹೆಣಿಗಿ ತಾನ ಓಡ್ತೈತಿ.

ಸಾಮಾನು ಏನೇನು ಅಂದ್ರ, ಹತ್ತಿ ಕ್ರೋಶಾ ದಾರ 10 ನಂಬರಿಂದು, ಬೆಲ್ಟಿಗೆ ಮತ್ತು ಗೊಂಡೆಗೆ ಸೇರಿ ಸುಮಾರು 100 ಮೀಟರ್ ಇಟ್ಕೋರಿ. ಆಂಕರ್ ಕಂಪನಿ ಉಂಡಿ ಆದ್ರೂ ನಡಿತೈತಿ, ಬ್ಯಾರೆ ಯಾವುದಾದ್ರೂ ನಡಿತೈತಿ, ಆದ್ರ ಹತ್ತಿದೇ ಇರ್ಲಿ. ಅಕ್ರಿಲಿಕ್ ಉಣ್ಣಿದಾರ ಬ್ಯಾಡ್ರಿ, ಅದು ಮಣಿ ಭಾರಕ್ಕ ಜಗ್ಗಿ ಉದ್ದ ಆಗ್ತೈತಿ, ಮ್ಯಾಲ ನಮ್ಮ ಬ್ಯಾಸಿಗ್ಯಾಗ ಸೊಂಟಕ್ಕ ಅದನ್ನ ಕಟ್ಕೊಂಡು ಓಡ್ಯಾಡೋದು ಅಂದ್ರ ಶಿಕ್ಷೆ. ಸ್ಟೀಲ್ ಕಡ್ಡಿ 1.5 ಎಂಎಂದು. ಕಡ್ಡಿ ಮ್ಯಾಲಿನ ನಂಬರ್ ನೋಡಬ್ಯಾಡ್ರಿ, ಕಂಪನಿಗೊಂದು ನಂಬರ್ ಇರ್ತೈತಿ, ಎಂಎಂ ಎಷ್ಟೈತಿ ಅಂತ ಕೇಳ್ರಿ.

ಮಣಿ ಗಾಜಿಂದು, 4 ಎಂಎಂ. ಮಣಿ ಸೈಜಿಗೆ 6/0, 8/0, 11/0 ಅಂತ ಬರೆದಿರ್ತಾರಲ್ರಿ, ಅದರಾಗ ನಂಬರ್ ದೊಡ್ಡದಾದಂಗ ಮಣಿ ಸಣ್ಣದು. 6/0 ಅಂದ್ರ ಸುಮಾರು 4 ಎಂಎಂ, 8/0 ಅಂದ್ರ 3, 11/0 ಅಂದ್ರ 2. ಮೊದಲ ಬೆಲ್ಟಿಗೆ 6/0 ಛಲೋ, ತೂತು ದೊಡ್ಡದಿರ್ತೈತಿ, 10 ನಂಬರ್ ದಾರ ಸರಾಗ ಹೋಗ್ತೈತಿ. 8/0 ಹಾಕೋ ಆಸೆ ಇದ್ರ ದಾರ ಇನ್ನೂ ತೆಳುವಿಂದು, 20 ನಂಬರಿಂದು, ಕಡ್ಡಿ 1.25ರದು ತಗೋಬೇಕಾಗ್ತೈತಿ, ಅದು ಎರಡನೇ ಬೆಲ್ಟಿಗಿರ್ಲಿ. ಅಂಗಡಿಗೆ ಹೋಗೋವಾಗ ಒಂದು ಗೇಣು ದಾರ ಪರ್ಸಿನಾಗ ಇಟ್ಕೊಂಡು ಹೋಗ್ರಿ, ಅಲ್ಲೇ ನಾಲ್ಕು ಮಣಿ ಪೋಣಿಸಿ ನೋಡಿನ ರೊಕ್ಕ ಕೊಡ್ರಿ.

ಮಣಿ ತಂದ ಮ್ಯಾಲ ಒಂದು ಪರೀಕ್ಷೆ ಮಾಡ್ಲೇಬೇಕ್ರಿ, ಇದನ್ನ ಬಿಡಬ್ಯಾಡ್ರಿ. ಪ್ರತಿ ಬಣ್ಣದ್ದು ಐದಾರು ಮಣಿ ಸೋಪಿನ ನೀರಾಗ ರಾತ್ರಿ ನೆನಿಹಾಕಿ, ಮುಂಜಾನೆ ಬಿಳಿ ಬಟ್ಟ್ಯಾಗ ತಿಕ್ಕಿ ನೋಡ್ರಿ. ಕೆಲವು ಕೆಂಪು, ಗುಲಾಬಿ, ಬಂಗಾರ ಬಣ್ಣದವು ಮ್ಯಾಲ ಬಣ್ಣ ಹಚ್ಚಿದವು ಇರ್ತಾವ, ಬಟ್ಟಿಗೆ ಬಣ್ಣ ಹತ್ತಿದ್ರ ಅವು ಬ್ಯಾಡ, ಬೆವರು ಬಿದ್ದಲ್ಲೆಲ್ಲಾ ಸೀರಿಗೆ ಹತ್ಕೊಂಡು ಬಿಡ್ತಾವ. ಹಂಗ ತಟ್ಟ್ಯಾಗ ಮಣಿ ಹರವಿ, ತೂತಿನ ಅಂಚು ಒಡೆದವು, ಸೊಟ್ಟ ಇದ್ದವು ಆರಿಸಿ ತೆಗೀರಿ, ಅಕ್ಕಿ ಆರಿಸಿದಂಗ. ಒಡೆದ ಅಂಚಿನ ಒಂದ ಒಂದು ಮಣಿ ಸಾಕು ದಾರ ಕತ್ತರಿಸಾಕ.

ಈಗ ಡಿಸೈನ್. ನಾನು ಹೇಳೋದು 11 ಸ್ಟಿಚ್ ಅಗಲದ ಬೆಲ್ಟ್, ಸುಮಾರು ಒಂದೂಕಾಲು ಇಂಚು ಬರ್ತೈತಿ, ನಡುವೆ ಸಾಲಾಗಿ ಡೈಮಂಡ್, ಅಂಚಿಗೆ ಕೆಂಪು ಮಣಿ, ಒಳಗ ಬಿಳಿ ಮಣಿ. ಬೆಲ್ಟನ್ನ ಅಡ್ಡ ಸಾಲಿನಾಗ ಹೆಣೀರಿ, ಅಂದ್ರ 11 ಸ್ಟಿಚ್ ಹೋಗಿ ತಿರುಗಿ 11 ಸ್ಟಿಚ್ ಬರೋದು. ಕೆಲವರು ಉದ್ದಕ್ಕ ಚೈನ್ ಹಾಕಿ ಹೆಣಿತಾರ, ನನಗ ಅದು ಸರಿ ಅನಸಂಗಿಲ್ಲ, ಮೊದಲ ಚೈನ್ ಬಿಗಿ ಆದ್ರ ಇಡೀ ಬೆಲ್ಟ್ ಬಿಲ್ಲಿನಂಗ ಬಗ್ಗಿ ಕೂಡ್ತೈತಿ, ಉದ್ದ ಕಡಿಮಿ ಬಿದ್ರ ಸೇರಿಸಾಕೂ ಬರಂಗಿಲ್ಲ.

ಎಲ್ಲಾರೂ ಗಾಬರಿ ಆಗೋದು ಇಲ್ಲೇ ನೋಡ್ರಿ, ಹೆಣಿತಾ ಹೋದ್ರ ಮಣಿ ಕಾಣಂಗಿಲ್ಲ. ಸಿಂಗಲ್ ಕ್ರೋಶಾದಾಗ ಮಣಿ ಯಾವಾಗ್ಲೂ ಹಿಂದಿನ ಕಡೆ ಬೀಳ್ತೈತಿ, ನಿಮ್ಮ ಕಡೆ ಅಲ್ಲ. ಹಂಗಾಗಿ ಮಣಿ ಹಾಕೋ ಸಾಲು ಬೆಲ್ಟಿನ ಒಳಬದಿ ನಮ್ಮ ಕಡೆ ಇದ್ದಾಗ ಬರಬೇಕು, ಅಂದ್ರ ಒಂದು ಸಾಲು ಬರೀ ಸಿಂಗಲ್, ತಿರುಗಿಸಿದ ಮ್ಯಾಲ ಮುಂದಿನ ಸಾಲಿಗೆ ಮಣಿ. 1, 3, 5 ಬರೀ ಸಾಲು. 2, 4, 6 ಮಣಿ ಸಾಲು. ಇದನ್ನ ತಪ್ಪಿಸಿದ್ರ ಮಣಿ ಒಂದು ಆ ಕಡೆ ಒಂದು ಈ ಕಡೆ ಬಂದು ಕೂಡ್ತಾವ.

ಮಣಿ ಯಾವ ಸ್ಟಿಚ್ಚಿಗೆ ಅಂದ್ರ:

2ನೇ ಸಾಲು: 6ನೇ ಸ್ಟಿಚ್ಚಿಗೆ ಒಂದು ಕೆಂಪು.
4ನೇ ಸಾಲು: 5 ಮತ್ತು 7ಕ್ಕ ಕೆಂಪು.
6ನೇ ಸಾಲು: 4 ಕೆಂಪು, 6 ಬಿಳಿ, 8 ಕೆಂಪು.
8ನೇ ಸಾಲು: 3 ಕೆಂಪು, 5 ಮತ್ತು 7 ಬಿಳಿ, 9 ಕೆಂಪು.
10ನೇ ಸಾಲು: 2 ಕೆಂಪು, 4, 6, 8 ಬಿಳಿ, 10 ಕೆಂಪು.
12ನೇ ಸಾಲು 8ರಂಗ, 14ನೇದು 6ರಂಗ, 16ನೇದು 4ರಂಗ.

ಇಲ್ಲಿಗೆ ಒಂದು ಡೈಮಂಡ್, 16 ಸಾಲು, 24 ಮಣಿ, ಅದರಾಗ ಕೆಂಪು 15 ಬಿಳಿ 9. ಮೊದಲನೇ ಮತ್ತು ಹನ್ನೊಂದನೇ ಸ್ಟಿಚ್ಚಿಗೆ ಎಂದೂ ಮಣಿ ಹಾಕಬ್ಯಾಡ್ರಿ, ಆಮೇಲೆ ಹಿಂದ ಬಟ್ಟಿ ಹೊಲಿಯೋದು ಅದರ ಮ್ಯಾಲೆನ.

ಅಳತಿಗೆ ಬರೋಣು. ಮೊದಲ ಒಂದು ಡೈಮಂಡ್ ಮಾತ್ರ ಸ್ಯಾಂಪಲ್ ಹೆಣದು, ನೀರಾಗ ಅದ್ದಿ, ಒಣಗಿಸಿ ಅಳೀರಿ. ನಿಮ್ಮ ಕೈ ಬಿಗಿ ಇದ್ರ ಸಣ್ಣದಾಗ್ತೈತಿ, ಸಡಿಲ ಇದ್ರ ದೊಡ್ಡದಾಗ್ತೈತಿ, ಯಾರದೋ ಲೆಕ್ಕ ನಿಮಗ ಬರಂಗಿಲ್ಲ. ಒಂದೂವರಿ ಇಂಚು ಬಂತು ಅಂತ ಇಟ್ಕೋರಿ. ಬೆಲ್ಟ್ ಎಲ್ಲಿ ಕಟ್ತೀರಿ ಅಲ್ಲೇ, ಬಟ್ಟಿ ಮ್ಯಾಲ ಟೇಪ್ ಹಿಡೀರಿ, ಸೀರಿ ಮ್ಯಾಲ ಕಟ್ಟೋದಾದ್ರ ಸೀರಿ ಉಟ್ಟೇ ಅಳೀಬೇಕು. 30 ಇಂಚು ಬಂದ್ರ ಎರಡು ಇಂಚು ಕಡಿಮಿ ಮಾಡ್ರಿ, ಆ ಜಾಗಾ ದಾರ ಕಟ್ಟಾಕ ಬೇಕು. 28ನ್ನ ಒಂದೂವರಿಲೆ ಭಾಗಿಸಿದ್ರ ಹತ್ತಿರ ಹತ್ತಿರ 19 ಡೈಮಂಡ್. 19ಕ್ಕ 24ರಂಗ 456 ಮಣಿ, ಕೆಂಪು 285, ಬಿಳಿ 171. ಕಡೀಕ ಮುಗಿಸೋವಾಗ ಮೊದಲಿನಂಗ ಒಂದು ಒಂಟಿ ಕೆಂಪು ಮಣಿ ಹಾಕಿದ್ರ ಎರಡೂ ತುದಿ ಸಮ ಕಾಣ್ತಾವ, ಅದಕ್ಕ ಕೆಂಪು 286. ಒಡಿಯೋದು ಕಳಿಯೋದು ಇದ್ದೇ ಇರ್ತೈತಿ, ಗೊಂಡೆಗೂ ಬೇಕು, ಹಂಗಾಗಿ ಸ್ವಲ್ಪ ಹೆಚ್ಚಿಗೆನ ತರ್ರಿ.

ಪೋಣಿಸೋದು. ದಾರದ ತುದಿಗೆ ಎರಡು ಇಂಚು ಫೆವಿಕಾಲ್ ಹಚ್ಚಿ ಹೊಸೆದು ಒಣಗಿಸಿ, ತುದಿ ಓರೆ ಕತ್ತರಿಸಿದ್ರ ಅದೇ ಸೂಜಿ ಆಗ್ತೈತಿ. ಇನ್ನೊಂದು ದಾರಿ, ಸಣ್ಣ ಸೂಜಿಗೆ ಹೊಲಿಗಿ ದಾರದ ಎರಡೂ ತುದಿ ಪೋಣಿಸಿದ್ರ ಒಂದು ಕುಣಿಕಿ ಆಗ್ತೈತಿ, ಆ ಕುಣಿಕ್ಯಾಗ ಕ್ರೋಶಾ ದಾರ ಹಾಕಿ ಜಗ್ಗೋದು. ಇದು ತೂತು ಸಣ್ಣ ಇದ್ರ ಭಾಳ ಅನುಕೂಲ.

ಕ್ರಮ ಮಾತ್ರ ಉಲ್ಟಾ ಇರಬೇಕು. ಕಡೀಕ ಪೋಣಿಸಿದ ಮಣಿ ಮೊದಲ ಹೆಣಿಗಿಗೆ ಬರ್ತೈತಿ. ಅದಕ್ಕ ಒಂದು ಡೈಮಂಡಿಗೆ 16ನೇ ಸಾಲಿನಿಂದ ಶುರು ಮಾಡಿ ಹಿಂದಕ್ಕ ಬರಬೇಕು: ಎರಡು ಕೆಂಪು, ಕೆಂಪು ಬಿಳಿ ಕೆಂಪು, ಕೆಂಪು, ಎರಡು ಬಿಳಿ, ಕೆಂಪು, ಕೆಂಪು, ಮೂರು ಬಿಳಿ, ಕೆಂಪು, ಕೆಂಪು, ಎರಡು ಬಿಳಿ, ಕೆಂಪು, ಕೆಂಪು ಬಿಳಿ ಕೆಂಪು, ಎರಡು ಕೆಂಪು, ಕಡೀಕ ಒಂದು ಕೆಂಪು. ಹಾಳ್ಯಾಗ ಬರ್ಕೊಂಡು ಒಂದೊಂದು ಡೈಮಂಡ್ ಮುಗಿದ ಕೂಡ್ಲೆ ಗೀಟು ಹೊಡೀರಿ. ಇದನ್ನ ಮಾಡೋವಾಗ ಯಾರ ಜೊತೆನೂ ಮಾತು ಬ್ಯಾಡ, ಫೋನೂ ಬ್ಯಾಡ.

456 ಒಂದೇ ಸಲ ಪೋಣಿಸಬ್ಯಾಡ್ರಿ. ಅಷ್ಟೂ ಮಣಿ ದಾರದ ಮ್ಯಾಲ ಸರಕೋತ ಸರಕೋತ ದಾರ ತಿಕ್ಕಿ ಜುಂಗು ಏಳ್ತೈತಿ, ಬಿಳಿ ದಾರ ಆದ್ರ ಮಾಸ್ತೈತಿ. ಐದು ಡೈಮಂಡಿಗೆ ಆಗುವಷ್ಟು, ಅಂದ್ರ 120 ಮಣಿ, ಪೋಣಿಸ್ಕೊಂಡು ಹೆಣದು, ದಾರ ಕತ್ತರಿಸಿ, ಮತ್ತ ಮುಂದಿನ 120. ಐದು, ಐದು, ಐದು, ನಾಲ್ಕು, ಹಿಂಗ ನಾಲ್ಕು ಸಲಕ್ಕ ಮುಗಿತೈತಿ. ಕಡೀ ಸಲ ಪೋಣಿಸೋವಾಗ ಎಲ್ಲಕ್ಕಿಂತ ಮೊದಲ ಆ ಒಂಟಿ ಕೆಂಪು ಹಾಕ್ಕೊಳ್ರಿ, ಅದು ಕೊನೀಗೆ ಬರ್ತೈತಿ. ದಾರ ಜೋಡಿಸೋದು 16ನೇ ಸಾಲಿನ ಕಡೀ ಸ್ಟಿಚ್ಚಿನಾಗ, ಕಡ್ಡಿ ಮ್ಯಾಲ ಎರಡು ಲೂಪ್ ಉಳಿದಾಗ ಹೊಸ ದಾರ ಜಗ್ಗಿ ಮುಗಿಸ್ರಿ, ಎರಡೂ ತುದಿ ಆರಾರು ಇಂಚು ಬಿಡ್ರಿ, ಗಂಟು ಹಾಕಬ್ಯಾಡ್ರಿ, ಆಮೇಲೆ ಸೂಜಿಲೆ ಒಳಗ ಓಡಿಸಿದ್ರ ಕಾಣಂಗಿಲ್ಲ.

ಹೆಣಿಗಿ ಈಗ ಸಸಾರ. 12 ಚೈನ್ ಹಾಕ್ರಿ, ಕಡ್ಡಿ ಕಡೆಯಿಂದ ಎರಡನೇ ಚೈನಿನಿಂದ ಶುರು ಮಾಡಿ 11 ಸಿಂಗಲ್ ಕ್ರೋಶಾ, ಒಂದು ಚೈನ್ ಹಾಕಿ ತಿರುಗಿಸ್ರಿ, ಎರಡನೇ ಸಾಲು ಶುರು. ಮಣಿ ಇಲ್ಲದ ಸ್ಟಿಚ್ ಎಂದಿನಂಗ. ಮಣಿ ಸ್ಟಿಚ್ ಬಂದಾಗ ಕಡ್ಡಿ ತೂರಿಸಿ ದಾರ ಜಗ್ರಿ, ಕಡ್ಡಿ ಮ್ಯಾಲ ಎರಡು ಲೂಪ್ ಇರ್ತಾವ, ಈಗ ಒಂದು ಮಣಿ ಮ್ಯಾಲ ಸರಿಸಿ ಹೆಣಿಗಿಗೆ ಹತ್ತಿ ಕೂಡುವಂಗ ಒತ್ತಿ, ಮಣಿ ಆಚೆ ಕಡೆಯ ದಾರ ಸುತ್ತಿ ಎರಡೂ ಲೂಪಿನಾಗ ಜಗ್ಗಿ ತೆಗೀರಿ. ಮಣಿ ಹಿಂದ ಗಟ್ಟಿ ಕೂಡ್ತು. ಅದು ಅಲ್ಲಾಡಿದ್ರ ಸ್ಟಿಚ್ ಸಡಿಲ ಐತಿ ಅಂತ ಅರ್ಥ, ಅಲ್ಲೇ ಬಿಚ್ಚಿ ಮತ್ತ ಹಾಕ್ರಿ. ಪ್ರತಿ ಸಾಲು ಮುಗಿದ ಮ್ಯಾಲ 11 ಅದಾವೇನು ಎಣಿಸ್ರಿ. ಅಂಚಿನ ಸ್ಟಿಚ್ ಒಂದು ಕೈ ತಪ್ಪಿದ್ರ ಡೈಮಂಡ್ ಓರೆ ಹೊಂಟು ಬಿಡ್ತೈತಿ, ಐದಾರು ಸಾಲು ಆದ ಮ್ಯಾಲೆನ ಅದು ಕಣ್ಣಿಗೆ ಬೀಳೋದು.

ಪೋಣಿಸೋದ್ರಾಗ ಒಂದು ಮಣಿ ಹೆಚ್ಚಿಗೆ ಬಿದ್ದಿದ್ರ ಎಲ್ಲಾ ಬಿಚ್ಚೋದು ಬ್ಯಾಡ. ಮಣಿ ಮ್ಯಾಲ ಬಟ್ಟಿ ಮುಚ್ಚಿ, ಮುಖ ಆ ಕಡೆ ತಿರುಗಿಸಿ, ಇಕ್ಕಳದಾಗ ಮೆಲ್ಲಕ ಒತ್ತಿ ಒಡೀರಿ. ಮಕ್ಕಳು ಹತ್ರ ಇರಬಾರ್ದು, ಗಾಜು ಸಿಡಿತೈತಿ, ದಾರಕ್ಕ ಪೆಟ್ಟಾಗೈತೇನು ನೋಡ್ರಿ. ಕಡಿಮಿ ಬಿದ್ದಿದ್ರ ಇನ್ನೂ ಸಸಾರ, ಆ ಜಾಗಾ ಖಾಲಿ ಬಿಟ್ಟು ಮುಂದ ಹೋಗಿ, ಕಡೀಕ ಸೂಜಿಲೆ ಒಂದು ಮಣಿ ಹೊಲೀರಿ, ಯಾರಿಗೂ ಗೊತ್ತಾಗಂಗಿಲ್ಲ.

ನಮ್ಮ ಕಡೆ ಬ್ಯಾಸಿಗಿ 40 ಡಿಗ್ರಿ ದಾಟ್ತೈತಿ, ಕೈ ಬೆವರಿದ್ರ ದಾರ ಕಡ್ಡಿಗೆ ಹಿಡಿತೈತಿ, ಸ್ಟಿಚ್ ಒಂದು ಬಿಗಿ ಒಂದು ಸಡಿಲ ಬರ್ತಾವ. ಮುಂಜಾನೆ ತಂಪಿನಾಗ ಕೂತು ಮಾಡೋದು ಛಲೋ, ಮಗ್ಗಲಕ್ಕ ಒಂದು ಕರವಸ್ತ್ರ ಇರ್ಲಿ.

ಹಿಂದಿನ ಬಟ್ಟಿ ಹಚ್ಚೋದನ್ನ ಭಾಳ ಮಂದಿ ಬಿಟ್ಟು ಬಿಡ್ತಾರ, ನನಗ ಇದು ಬೆಲ್ಟಿನ ಜೀವ ಅನಸ್ತೈತಿ. ಬರೀ ಕ್ರೋಶಾ ಮಣಿ ಭಾರಕ್ಕ ದಿನಾ ದಿನಾ ಜಗ್ತೈತಿ, ಕಟ್ಟಿದಾಗ ನಡುವೆ ಹಗ್ಗದಂಗ ಸುರುಳಿ ಆಗ್ತೈತಿ. ಬಳ್ಳಾರಿ ಜೀನ್ಸ್ ಹೊಲಿಯೋ ಊರಲ್ರಿ, ಪರಿಚಯದೋರು ಯಾರಾದ್ರೂ ಆ ಕೆಲಸದಾಗ ಇದ್ರ ಕಟಿಂಗ್ ಮಾಡಿ ಉಳಿದ ತೆಳು ಜೀನ್ಸ್ ತುಂಡು ಕೇಳಿ ಇಸ್ಕೋರಿ, ಜಗ್ಗದ ಗಟ್ಟಿ ಬಟ್ಟಿ, ಇದಕ್ಕ ಅಂಥಾದ್ದೇ ಬೇಕು. ಮನ್ಯಾಗಿನ ಹಳೇ ಜೀನ್ಸ್ ಪ್ಯಾಂಟಿಂದೂ ಆಗ್ತೈತಿ. ಹೊಸ ತುಂಡು ಇದ್ರ ಎರಡು ಮೂರು ಸಲ ತೊಳೀರಿ, ಒದ್ದಿ ಬಿಳಿ ಬಟ್ಟ್ಯಾಗ ತಿಕ್ಕಿದ್ರ ನೀಲಿ ಹತ್ತಬಾರ್ದು, ಹತ್ತಿದ್ರ ಅದನ್ನ ಬಿಟ್ಟು ದಪ್ಪ ಕಾಟನ್ ಪೆಟಿಕೋಟ್ ಬಟ್ಟಿ ಎರಡು ಪದರ ಹಚ್ರಿ. ಬಟ್ಟಿ ಅಂಚು ಒಂದ ಸಲ ಮಡಚಿ ಇಸ್ತ್ರಿ ಹಾಕಿ, ಬೆಲ್ಟಿಗಿಂತ ಎರಡೂ ಕಡೆ ಒಂದು ದಾರದಷ್ಟು ಒಳಗ ಇಟ್ಟು, ಕೈಲೆ ಹೆಮ್ಮಿಂಗ್ ಮಾಡ್ರಿ. ಮಶೀನಿಗೆ ಕೊಡಬ್ಯಾಡ್ರಿ, ಮಣಿಗೆ ಬಡಿದು ಸೂಜಿ ಮುರಿತೈತಿ.

ಕಟ್ಟಾಕ ಎರಡೂ ತುದಿಗೆ ಮೂರು ಮೂರು ಚೈನ್ ಎಳಿ, ಒಂದೊಂದು 18 ಇಂಚು, ಜಡಿ ಹೆಣದು ತುದಿಗೆ ಗೊಂಡೆ. ಗೊಂಡೆಗೆ ನಾಲ್ಕು ಬೆರಳಿಗೆ 30 ಸುತ್ತು ದಾರ ಸುತ್ತಿ, ಮ್ಯಾಲ ಕಟ್ಟಿ ಕೆಳಗ ಕತ್ತರಿಸೋದು, ಕತ್ತಿನ ಹತ್ರ ಉಳಿದ ಕೆಂಪು ಮಣಿ ಒಂದು ಸುತ್ತು ಹೊಲಿದ್ರ ಕಳೆ ಬರ್ತೈತಿ. ಗೊಂಡೆ, ಮಣಿ, ಕವಡಿ ಹೆಂಗ ಕೂಡಿಸ್ಬೇಕು ಅನ್ನೋದು ನೋಡ್ಬೇಕಂದ್ರ ಸಂಡೂರು ಲಂಬಾಣಿ ಕಸೂತಿ ನೋಡ್ರಿ, 2010ರಾಗ ಜಿಐ ಟ್ಯಾಗ್ (ಇದು ಆ ಊರಿನ ಕಡೇದ ಅಂತ ಸರಕಾರ ಕೊಡೋ ಗುರುತು) ಸಿಕ್ಕೈತಿ, ಕೆಂಪಿನ ಮಗ್ಗಲಕ್ಕ ಹಳದಿ, ನೀಲಿ ಮಗ್ಗಲಕ್ಕ ಬಿಳಿ ಇಡೋ ಧೈರ್ಯ ಅವರ ಕೈಯಾಗ ಐತಿ. ಮುಂದಿನ ಬೆಲ್ಟಿಗೆ ಹೊಸ ಡಿಸೈನ್ ಬೇಕಾದ್ರ ನಮ್ಮ ಇಟಗಿ ಮಹಾದೇವ ಗುಡಿಗೆ ಹೋಗಿ ಬರ್ರಿ, 1112ರ ಗುಡಿ, ಕಂಬ ಬಾಗಿಲವಾಡದ ಸಣ್ಣ ಕೆತ್ತನಿ ಫೋಟೋ ತಕ್ಕೊಂಡು ಗ್ರಾಫ್ ಹಾಳ್ಯಾಗ ಚುಕ್ಕಿ ಇಟ್ರ ಮಣಿ ಡಿಸೈನ್ ಸಿಗ್ತಾವ, 11 ಮನಿ ಅಗಲ, ಒಂದು ಸಾಲು ಬಿಟ್ಟು ಒಂದು ಸಾಲು ಚುಕ್ಕಿ, ಲೆಕ್ಕ ಇದೇ.

ತೊಳಿಯೋದು ತಣ್ಣೀರಾಗ, ಶಾಂಪೂ ಹಾಕಿ, ಹಿಂಡದಂಗ. ಬೋರಿನ ಗಡಸು ನೀರಾದ್ರ ಮಣಿ ಮ್ಯಾಲ ಬಿಳಿ ಕಲಿ ಉಳಿತೈತಿ, ಕಡೀ ನೀರು ಕುಡಿಯೋ ಫಿಲ್ಟರ್ ನೀರು ಹಾಕಿ ಟವೆಲ್ಲಿನಾಗ ಒತ್ತಿ ತೆಗೀರಿ. ತಂತಿ ಮ್ಯಾಲ ಜೋತು ಬಿಡಬ್ಯಾಡ್ರಿ, ಭಾರಕ್ಕ ಜಗ್ತೈತಿ, ನೆಳ್ಳಾಗ ಚಾಪಿ ಮ್ಯಾಲ ಹಾಸಿ ಒಣಗಿಸಿ, ಮಣಿ ಹೊರಗ ಬರುವಂಗ ಸುತ್ತಿ ಹತ್ತಿ ಬಟ್ಟ್ಯಾಗ ಇಡ್ರಿ.