ಸುಟ್ಟ ತಂತಿಯನ್ನೂ ತೂಗಿ ತೋರಿಸಿ

ಮುಧೋಳದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಪಂಪಿನ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಸುತ್ತ ಎಲ್ಲಿ ನೋಡಿದರೂ ಕಬ್ಬು. ಬೇಸಿಗೆಯಲ್ಲಿ ಮೋಟರ್ ಸುಟ್ಟರೆ ರೈತನಿಗೆ ಊಟ ಸೇರುವುದಿಲ್ಲ. ಅಂಗಡಿ ಮೆಟ್ಟಿಲು ಹತ್ತುವಾಗಲೇ ಅವನಿಗೆ ಅರ್ಧ ಸಿಟ್ಟು, ಅರ್ಧ ಅನುಮಾನ. ಮೋಟರಿನ ಒಳಗೆ ಏನಾಗಿದೆ ಅಂತ ನನಗೆ ಗೊತ್ತಾಗುತ್ತದೆ, ಅವನಿಗೆ ಗೊತ್ತಾಗುವುದಿಲ್ಲ. ಮೋಸಕ್ಕೆ ಅಷ್ಟು ಸಂದು ಸಾಕು. ಹೊಸದಾಗಿ ಅಂಗಡಿ ಹಾಕುವ ಹುಡುಗರು "ಗಿರಾಕಿ ನಂಬೂ ಹಂಗ ಏನ್ ಮಾಡ್ಬೇಕ್ರೀ?" ಅಂತ ಕೇಳುತ್ತಾರೆ. ನಾನು ಮಾಡುವುದನ್ನು ಹೇಳುತ್ತೇನೆ.

ಮೋಟರನ್ನು ಅವನ ಎದುರಿಗೇ ಬಿಚ್ಚಿ. "ಬಿಟ್ಟು ಹೋಗ್ರಿ, ನೋಡಿ ಹೇಳ್ತೀನಿ" ಅನ್ನಬೇಡಿ. ಒಂದು ಚಹಾ ತರಿಸಿ, ಕೂರಿಸಿ, ಸುಟ್ಟ ಸುರುಳಿಯನ್ನು ಬೆರಳಿಟ್ಟು ತೋರಿಸಿ. ಸ್ಟಾರ್ ಜೋಡಣೆಯ (ಮೂರು ಫೇಸಿನ ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿದ) ಮೋಟರಿನಲ್ಲಿ ಎರಡು ಫೇಸಿನ ಸುರುಳಿ ಕರ್ರಗಾಗಿ ಮೂರನೆಯದು ಚೆನ್ನಾಗಿದ್ದರೆ, ಲೈನಿನಲ್ಲಿ ಒಂದು ಫೇಸ್ ಹೋದಾಗಲೂ ಮೋಟರ್ ಓಡಿದೆ ಅಂತ ಲೆಕ್ಕ. ಮೂರೂ ಕಪ್ಪಾಗಿದ್ದರೆ ಬೇರಿಂಗ್ ಹಿಡಿದಿದೆಯಾ, ಪಂಪಿನಲ್ಲಿ ಮಣ್ಣು ಸಿಕ್ಕಿದೆಯಾ, ವೋಲ್ಟೇಜ್ ಕಡಿಮೆಯಾ ಅಂತ ಹುಡುಕಬೇಕು. ಕಾರಣ ಸರಿಮಾಡದೆ ಸುಮ್ನೆ ತಂತಿ ಸುತ್ತಿ ಕೊಟ್ಟರೆ ಅದು ಮತ್ತೆ ಸುಡುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ. ಸ್ಟಾರ್ಟರಿಗೆ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರನ್ನು ತಾನೇ ನಿಲ್ಲಿಸುವ ಸಾಧನ) ಹಾಕಿಸಿಕೊಳ್ಳಿ ಅಂತಲೂ ಹೇಳಿ. "ಹಿಂಗ ಹೇಳ್ಕೋಂತ ಕುಂತ್ರ ನಿಮ್ಮ ಅಂಗಡಿ ನಡದಂಗs" ಅಂತ ನನ್ನ ಹೆಂಡತಿ ನಗುತ್ತಾಳೆ. ಅವಳ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ.

ಆಮೇಲೆ ತಕ್ಕಡಿ. ಜಗಳ ಜಾಸ್ತಿ ಹುಟ್ಟುವುದು ಹಳೆ ತಾಮ್ರದ ಮೇಲೆ. ಬಿಚ್ಚಿದ ತಂತಿಯನ್ನು ಅವನ ಮುಂದೆಯೇ ತೂಗಿ. ಬೇಕಾದರೆ ಒಯ್ಯಲಿ, ಬೇಡವಾದರೆ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿರಿ. ಹೊಸ ತಂತಿಯನ್ನೂ ತೂಗಿ, ಗೇಜಿನ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ. ನಂಬರ್ ಹೆಚ್ಚಾದಷ್ಟೂ ತಂತಿ ತೆಳು, ಇದು ಎಷ್ಟೋ ರೈತರಿಗೆ ಗೊತ್ತಿಲ್ಲ. ಎನಾಮಲ್ ಲೇಪದ ತಂತಿಯಾದರೆ ತುದಿಯನ್ನು ಬ್ಲೇಡಿನಿಂದ ಕೆರೆದು ತೋರಿಸಿ. ತಾಮ್ರ ಕೆಂಪಗೆ, ಅಲ್ಯುಮಿನಿಯಂ ಬೆಳ್ಳಗೆ. ಕಣ್ಣಿಗೆ ಕಂಡ ಮೇಲೆ ಯಾರೂ ಆಣೆ ಕೇಳುವುದಿಲ್ಲ.

"ನಾಳೆ" ಅನ್ನುವ ಮಾತನ್ನು ಅಂಗಡಿಯಿಂದ ಓಡಿಸಿ. ಎರಡು ದಿನದ ಕೆಲಸಕ್ಕೆ ಮೂರು ದಿನ ಕೇಳಿ. ತಡವಾಗುವ ಹಾಗಿದ್ದರೆ ಅವನು ಫೋನ್ ಮಾಡುವ ಮೊದಲು ನೀವೇ ಮಾಡಿ. ಮನೆಯಲ್ಲೂ ಇದೇ ಅಲ್ವಾ? ಹೆಂಡತಿಯ ತಮ್ಮ ಕೈಗಡ ಕೇಳಿದಾಗ ಮೊದಲೆಲ್ಲ "ನೋಡೋಣು" ಅನ್ನುತ್ತಿದ್ದೆ. ಅವನು ಅದನ್ನೇ ನಂಬಿ ಕೂರುತ್ತಿದ್ದ. ಈಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂದುಬಿಡುತ್ತೇನೆ. ಒಂದು ದಿನ ಮುನಿಸು, ಅಷ್ಟೇ.

ತಪ್ಪಾದಾಗ ಏನು ಮಾಡಬೇಕು ಅನ್ನುವುದು ಎಲ್ಲಕ್ಕಿಂತ ಕಷ್ಟದ್ದು. ಒಬ್ಬ ಹಿರಿಯರ ಬೋರ್ ಮೋಟರ್ ಕಟ್ಟಿಕೊಟ್ಟಿದ್ದೆ. ಎಂಟೇ ದಿನಕ್ಕೆ ನಿಂತಿತು. ಗಾಡಿ ಕರೆಸಿ ಪೈಪೆಲ್ಲ ಎತ್ತಿಸಿ ನೋಡಿದರೆ, ನಾನು ಅವಸರದಲ್ಲಿ ಸುತ್ತಿದ್ದ ಕೇಬಲ್ ಜಾಯಿಂಟಿನಲ್ಲಿ ನೀರು ಹೊಕ್ಕಿತ್ತು. ಕರೆಂಟಿನ ಮೇಲೆ ಹಾಕಬಹುದಿತ್ತು, ನಮ್ಮ ಕಡೆ ಕರೆಂಟನ್ನು ಬೈದರೆ ಯಾರೂ ಎದುರು ಮಾತಾಡುವುದಿಲ್ಲ. "ಮಾವಾರ, ತಪ್ಪು ನಂದs ಐತ್ರಿ" ಅಂದೆ. ಗಾಡಿಯ ಬಾಡಿಗೆ, ಎರಡನೇ ಸಲದ ತಂತಿ, ಎಲ್ಲ ನನ್ನ ಕೈಯಿಂದ ಹೋಯಿತು. ಅವರು ಹೊಲದ ಬದುವಿನ ಮೇಲೆ ನಾಲ್ಕು ಜನರ ಮುಂದೆ ಅರ್ಧ ತಾಸು ಬೈದರು. ಕೇಳಿಸಿಕೊಂಡೆ.

ಒಪ್ಪಿಕೊಂಡ ಕೂಡಲೇ ನಂಬಿಕೆ ವಾಪಸ್ ಬಂತು ಅಂದರೆ ಸುಳ್ಳಾಗುತ್ತದೆ. ಎರಡು ಬೇಸಿಗೆ ಅವರು ನನ್ನ ಅಂಗಡಿ ಕಡೆ ತಲೆ ಹಾಕಲಿಲ್ಲ. ಮೂರನೇ ಬೇಸಿಗೆಗೆ ಬಂದು "ಈ ಸಲ ಜಾಯಿಂಟ್ ಹಾಕೂ ಮುಂದ ನಾನs ನಿಂತು ನೋಡ್ತೀನಿ" ಅಂದರು. ನಿಂತು ನೋಡಿದರು. ಸುತ್ತಿದ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮೆಗ್ಗರ್ (ಕರೆಂಟು ಸೋರುತ್ತದೆಯಾ ಅಂತ ಅಳೆಯುವ ಮೀಟರ್) ಹಿಡಿದು ತೋರಿಸಿದೆ.

ಈಗ ಅವರ ಮೋಟರ್ ಊರಿನ ಹಾಲಿನ ಗಾಡಿಯಲ್ಲಿ ಒಂಟಿಯಾಗಿ ಬರುತ್ತದೆ. ಆದರೂ ಬಿಚ್ಚಿದ ಮೋಟರಿನದ್ದು ಒಂದು, ತಕ್ಕಡಿಯದ್ದು ಒಂದು ಫೋಟೊ ವಾಟ್ಸಾಪಿಗೆ ಕಳಿಸುತ್ತೇನೆ. ಮೊಮ್ಮಗಳು ತೂಕ ಓದಿ ಹೇಳುತ್ತಾಳಂತೆ.