ಟ್ಯಾಬ್ ತುಂಬಿದಾಗ ಯಾವುದನ್ನು ಅಳಿಸಬೇಕು, ಯಾವುದನ್ನು ಮುಟ್ಟಬಾರದು

ಇಳಕಲ್ಲಿನ ನಮ್ಮ ಕಾಕಾ ಅವರ ಸೀರೆ ಅಂಗಡಿಯಲ್ಲಿ 32 ಜಿಬಿಯ ಆಂಡ್ರಾಯ್ಡ್ ಟ್ಯಾಬ್ ಒಂದಿದೆ. ಗೋಮಿ ದಡಿ, ಪರಾಸಪೇಟ ದಡಿ, ತೋಪು ತೆನಿ ಸೆರಗು ಎಂದು ಫೋಲ್ಡರು ಮಾಡಿ, ಮಾಲು ಬಂದ ದಿನವೇ ಫೋಟೊ ತೆಗೆದಿಡುತ್ತಾರೆ. ಒಂದೊಂದು ಫೋಟೊ ಸುಮಾರು 3-4 ಎಂಬಿ ಎಂದು ಹಿಡಿದರೂ ಸಾವಿರ ಫೋಟೊಗಳಿಗೆ 4 ಜಿಬಿಯಷ್ಟು ಜಾಗ ಬೇಕು. 32ರಲ್ಲಿ ಒಂದು ದೊಡ್ಡ ಪಾಲನ್ನು ಆಂಡ್ರಾಯ್ಡ್ ವ್ಯವಸ್ಥೆಯೇ ಮೊದಲು ತೆಗೆದುಕೊಂಡಿರುತ್ತದೆ.

ಜಾಗ ಮುಗಿದಾಗ ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್’ ತೆರೆದು, ಯಾವುದು ಎಷ್ಟು ತಿಂದಿದೆ ಎಂಬುದನ್ನು ನೋಡಬೇಕು. ಅಲ್ಲಿಂದ ಯಾವುದೇ ಆ್ಯಪ್‌ನ ಪುಟಕ್ಕೆ ಹೋದರೆ ‘ಕ್ಯಾಶ್’ ಮತ್ತು ‘ಡೇಟಾ’ ಅಳಿಸುವ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಕ್ಯಾಶ್ ಎಂದರೆ ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ತಾತ್ಕಾಲಿಕ ಕಡತಗಳು. ಅಳಿಸಿದರೆ ನಷ್ಟವಿಲ್ಲ, ಆದರೆ ಬಳಸುತ್ತ ಹೋದಂತೆ ಅದು ಮತ್ತೆ ತುಂಬಿಕೊಳ್ಳುವುದರಿಂದ ಲಾಭವೂ ಹೆಚ್ಚು ದಿನ ಉಳಿಯದು. ಡೇಟಾ ಅಳಿಸಿದರೆ ಆ್ಯಪ್ ಹೊಸದಾಗಿ ಹಾಕಿದ ಸ್ಥಿತಿಗೆ ಬರುತ್ತದೆ. ಕಳೆದ ವರ್ಷ ಅವಸರದಲ್ಲಿ ನಾನು ಲೆಕ್ಕದ ಆ್ಯಪ್‌ನಲ್ಲಿ ಎರಡನೆಯದನ್ನು ಒತ್ತಿದ್ದೆ. ಬ್ಯಾಕಪ್ ಇಲ್ಲದ ಮೂರು ತಿಂಗಳ ಉದ್ರಿ ಲೆಕ್ಕವನ್ನು ಕಾಕಾ ನನ್ನಿಂದಲೇ ಕೀರ್ದಿ ಪುಸ್ತಕ ನೋಡಿ ಮತ್ತೆ ಬರೆಸಿದರು.

ನಿಜವಾಗಿ ಜಾಗ ಸಿಗುವುದು ವಾಟ್ಸ್‌ಆ್ಯಪ್‌ನಲ್ಲಿ. ಗಿರಾಕಿಗೆ ಕಳಿಸಿದ ಸೀರೆಯ ಫೋಟೊ ಕ್ಯಾಮೆರಾ ಫೋಲ್ಡರಿನಲ್ಲಿ ಇರುವುದಲ್ಲದೆ, ಅದರ ಇನ್ನೊಂದು ಪ್ರತಿ ವಾಟ್ಸ್‌ಆ್ಯಪ್‌ನ ‘ಸೆಂಟ್’ ಫೋಲ್ಡರಿನಲ್ಲಿಯೂ ಕುಳಿತಿರುತ್ತದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಒತ್ತಿದರೆ 5 ಎಂಬಿಗಿಂತ ದೊಡ್ಡ ಕಡತಗಳು ಪ್ರತ್ಯೇಕವಾಗಿ ಕಾಣುತ್ತವೆ. ಶುಭೋದಯದ ವಿಡಿಯೊಗಳನ್ನು ಇಲ್ಲಿಂದಲೇ ಅಳಿಸಿ, ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಬೇಕು. ಅಳಿಸಿದ ಮೇಲೆಯೂ ಜಾಗ ಹೆಚ್ಚದಿದ್ದರೆ ಕಸದ ಬುಟ್ಟಿಯನ್ನು ನೋಡಿರಿ, ಏಕೆಂದರೆ ಗೂಗಲ್‌ನ ಫೈಲ್ಸ್ ಆ್ಯಪ್ ಅಳಿಸಿದ ಕಡತವನ್ನು 30 ದಿನ ಅಲ್ಲಿಯೇ ಇಟ್ಟಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಸುಮ್ಮನೆ ‘ಡಿಲೀಟ್’ ಮಾಡಿದರೆ ಅದು ಖಾತೆಯಿಂದಲೂ ಹೋಗುತ್ತದೆ. ಟ್ಯಾಬ್‌ನಲ್ಲಿ ಮಾತ್ರ ತೆಗೆಯಲು ‘ಫ್ರೀ ಅಪ್ ಸ್ಪೇಸ್’ ಬಳಸಬೇಕು.

ಮೆಮೊರಿ ಕಾರ್ಡ್ ಹಾಕುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಆಂಡ್ರಾಯ್ಡ್ 6ರಿಂದ ಕೆಲವು ಟ್ಯಾಬ್‌ಗಳಲ್ಲಿ ಕಾರ್ಡನ್ನು ಒಳಗಿನ ಸ್ಟೋರೇಜ್‌ನ ಭಾಗವಾಗಿಯೇ ಸೇರಿಸಿಕೊಳ್ಳುವ ಸೌಲಭ್ಯವಿದೆ. ಹಾಗೆ ಸೇರಿಸುವಾಗ ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಆ ಕಾರ್ಡನ್ನು ಬೇರೆ ಯಾವ ಸಾಧನವೂ ಓದಲಾರದು. ಅಂಗಡಿಯ ಕೆಲಸಕ್ಕೆ ಕಾರ್ಡನ್ನು ‘ಪೋರ್ಟಬಲ್’ ಆಗಿಯೇ ಇಟ್ಟು, ಫೋಟೊಗಳು ಅದರಲ್ಲಿ ಉಳಿಯುವಂತೆ ಕ್ಯಾಮೆರಾದ ಸೆಟ್ಟಿಂಗ್ ಬದಲಿಸುವುದೇ ಲೇಸು.

ಇನ್ನು ಸಾಫ್ಟ್‌ವೇರ್ ಅನ್ನು ನಮಗೆ ಒಗ್ಗಿಸಿಕೊಳ್ಳುವ ಕೆಲಸ. ಕಂಪನಿಯವರೇ ಹಾಕಿಕೊಟ್ಟ ಬೇಡದ ಆ್ಯಪ್‌ಗಳನ್ನು ‘ಡಿಸೇಬಲ್’ ಮಾಡಬಹುದು. ಆಂಡ್ರಾಯ್ಡ್ 13 ಅಥವಾ ಅನಂತರದ ಆವೃತ್ತಿಯಿದ್ದರೆ, ಕನ್ನಡವಿರುವ ಆ್ಯಪ್‌ಗಳನ್ನು ಮಾತ್ರ ಕನ್ನಡಕ್ಕೆ ತಿರುಗಿಸಿ ಉಳಿದವನ್ನು ಇಂಗ್ಲಿಷಿನಲ್ಲಿ ಬಿಡಬಹುದು. ಟ್ಯಾಬ್ ಹಳೆಯದಾಗಿ ಮಂದವಾಗಿದ್ದರೆ ‘ಅಬೌಟ್ ಟ್ಯಾಬ್ಲೆಟ್’ನೊಳಗಿನ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿ, ತೆರೆದುಕೊಳ್ಳುವ ಡೆವಲಪರ್ ಆಯ್ಕೆಗಳಲ್ಲಿ ಮೂರೂ ಅನಿಮೇಷನ್ ಸ್ಕೇಲ್‌ಗಳನ್ನು 0.5ಕ್ಕೆ ಇಳಿಸಬೇಕು, ಪ್ರೊಸೆಸರಿನ ವೇಗ ಹೆಚ್ಚದಿದ್ದರೂ ಪರದೆ ಬದಲಾಗುವಾಗಿನ ಕಾಯುವಿಕೆ ತಗ್ಗುತ್ತದೆ. ಬೂಟ್‌ಲೋಡರಿನ (ಟ್ಯಾಬ್ ಚಾಲೂ ಆಗುವಾಗ ಆಂಡ್ರಾಯ್ಡನ್ನು ಎಬ್ಬಿಸುವ ತಂತ್ರಾಂಶ) ಬೀಗ ಬಿಚ್ಚಿ ಬೇರೆ ‘ರಾಮ್’ (ROM, ಅಂದರೆ ಕಂಪನಿಯದಲ್ಲದ ಆಂಡ್ರಾಯ್ಡ್) ಹಾಕಿಕೊಡುತ್ತೇವೆ ಎನ್ನುವವರ ಮಾತಿಗೆ ವ್ಯಾಪಾರಸ್ಥರು ಮರುಳಾಗಬಾರದು: ಅದರಿಂದ ಸಾಮಾನ್ಯವಾಗಿ ಟ್ಯಾಬ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಲವು ಬ್ಯಾಂಕ್ ಆ್ಯಪ್‌ಗಳು ಆಮೇಲೆ ನಡೆಯುವುದಿಲ್ಲ.

ಕಾಕಾ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಆ್ಯಪ್ ಪಿನ್ನಿಂಗ್’, ಅಂದರೆ ಒಂದೇ ಆ್ಯಪನ್ನು ಪರದೆಯ ಮೇಲೆ ಕಟ್ಟಿಹಾಕುವ ಸೌಲಭ್ಯ. ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಚಾಲೂ ಮಾಡಿ, ಪಿನ್ ತೆಗೆಯುವಾಗ ಪಾಸ್‌ವರ್ಡ್ ಕೇಳಬೇಕೆಂದು ಗುರುತು ಹಾಕಬೇಕು. ಆಮೇಲೆ ಇತ್ತೀಚಿನ ಆ್ಯಪ್‌ಗಳ ಪರದೆಯಲ್ಲಿ ಗ್ಯಾಲರಿಯ ಚಿಹ್ನೆಯನ್ನು ಒತ್ತಿ ‘ಪಿನ್’ ಆರಿಸಿದರೆ, ಸೀರೆ ನೋಡುತ್ತ ಕುಳಿತ ಗಿರಾಕಿಯ ಬೆರಳು ಎಲ್ಲಿ ಜಾರಿದರೂ ಉದ್ರಿ ಲೆಕ್ಕದ ಆ್ಯಪ್ ತೆರೆಯುವುದಿಲ್ಲ.