ಮೊದಲ ಕಾರು ಕೊರೊಲ್ಲಾನಾ, ಮಜ್ದಾನಾ? ದಾವಣಗೆರೆ, ದುರ್ಗದಿಂದ ಅಮೆರಿಕಕ್ಕೆ ಬಂದವರಿಗೆ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದವರು ಮನೆ ಸಿಕ್ಕ ಕೂಡಲೇ ಕೇಳುವುದು ಕಾರಿನ ಬಗ್ಗೆ. ಹಳೆ ಕಾರು ಹುಡುಕುತ್ತಾ ಹೋದರೆ ಹೆಚ್ಚಿನವರ ಕೈಯಲ್ಲಿ ಕೊನೆಗೆ ಉಳಿಯುವುದು ಎರಡು: ಟೊಯೋಟಾ ಕೊರೊಲ್ಲಾ, ಮಜ್ದಾ 3. ನಾನು ಹೇಳುತ್ತಿರುವುದು 2014ರಿಂದ 2018ರವರೆಗಿನ ಮಾಡೆಲ್‌ಗಳ ಮಾತು. ಕೊರೊಲ್ಲಾವನ್ನು ಊರಿನಲ್ಲಿ ಆಲ್ಟಿಸ್ ಅಂತ ನೋಡಿರುತ್ತೀರಿ. ಮಜ್ದಾ ಅಂದರೆ ಅಪ್ಪನಿಗೆ ನೆನಪಾಗುವುದು ಸ್ವರಾಜ್ ಮಜ್ದಾ ವ್ಯಾನು, ಹಾಗಾಗಿ ಫೋನಿನಲ್ಲೇ ಬೇಡ ಅನ್ನುತ್ತಾರೆ. ಅಷ್ಟಕ್ಕೇ ಬಿಡಬೇಡಿ, ಅದು ಒಳ್ಳೆಯ ಕಾರು.

ಓಡಿಸುವುದಕ್ಕಂತೂ ಮಜ್ದಾನೇ ಮೇಲು. ಅದರ 2.0 ಲೀಟರ್ ಎಂಜಿನ್‌ಗೆ 155 ಹಾರ್ಸ್‌ಪವರ್, ಕೊರೊಲ್ಲಾದ 1.8 ಲೀಟರ್‌ಗೆ 132. ಮಜ್ದಾ ಆಟೊಮ್ಯಾಟಿಕ್‌ನಲ್ಲಿ ಆರು ಗೇರ್ ಇವೆ, ಕೊರೊಲ್ಲಾದಲ್ಲಿ ಬಹುತೇಕ ಸಿವಿಟಿ, ಅಂದರೆ ಬೇರೆ ಬೇರೆ ಗೇರ್ ಇಲ್ಲದೆ ಬೆಲ್ಟಿನ ಮೇಲೆ ಓಡುವ ಆಟೊಮ್ಯಾಟಿಕ್. ರ್‍ಯಾಂಪ್ ಹತ್ತಿ ಹೈವೇಗೆ ಸೇರುವಾಗ ಪೆಡಲ್ ಒತ್ತಿ ನೋಡಿ, ಮಜ್ದಾ ಒತ್ತಿದ ಹಾಗೇ ಮುಂದೆ ಹೋಗುತ್ತದೆ, ಕೊರೊಲ್ಲಾ ಮೊದಲು ಗುಂಯ್ ಅಂದು ಆಮೇಲೆ ವೇಗ ಹಿಡಿಯುತ್ತದೆ. ತಿರುವುಗಳಲ್ಲೂ ಹಾಗೇ. ಮಜ್ದಾದ ಹಿಂದಿನ ಸಸ್ಪೆನ್ಶನ್ ಮಲ್ಟಿಲಿಂಕ್, ಪ್ರತಿ ಚಕ್ರವೂ ತನ್ನಷ್ಟಕ್ಕೆ ಆಡುತ್ತದೆ. ಕೊರೊಲ್ಲಾದ್ದು ಟಾರ್ಶನ್ ಬೀಮ್, ಹಿಂದಿನ ಎರಡೂ ಚಕ್ರ ಒಂದೇ ತೊಲೆಗೆ ಸೇರಿರುತ್ತವೆ, ಸ್ವಲ್ಪ ವಾಲುತ್ತದೆ. ಆದರೆ ಹಳ್ಳ ಬಿದ್ದ ರಸ್ತೆಯಲ್ಲಿ ಹಿಂದೆ ಕೂತವರಿಗೆ ಕೊರೊಲ್ಲಾನೇ ಮೆತ್ತಗೆ.

ಮೈಲೇಜ್ ಎಷ್ಟು ಕೊಡುತ್ತದೆ ಅಂತ ನಾವೆಲ್ಲ ಮೊದಲು ಕೇಳುತ್ತೇವೆ, ಅಲ್ವಾ? ಎರಡೂ ಹೆಚ್ಚುಕಡಿಮೆ ಒಂದೇ. ಗ್ಯಾಲನ್‌ಗೆ 32 ಮೈಲಿ ಆಸುಪಾಸು, ಅಂದರೆ ಲೀಟರ್‌ಗೆ 13ರಿಂದ 14 ಕಿಲೋಮೀಟರ್. ಎರಡಕ್ಕೂ 87 ಆಕ್ಟೇನ್ ಮಾಮೂಲಿ ಪೆಟ್ರೋಲ್ ಸಾಕು.

ದುಡ್ಡು ಜಾಸ್ತಿ ಹೋಗುವುದು ಬೇರೆ ಕಡೆ. ಮಜ್ದಾದ ದುಬಾರಿ ಮಾಡೆಲ್‌ಗಳಲ್ಲಿ 18 ಇಂಚಿನ ಚಕ್ರ ಇರುತ್ತದೆ, ನಾಲ್ಕು ಟೈರ್ ಬದಲಿಸುವ ದಿನ ಅದು ಗೊತ್ತಾಗುತ್ತದೆ. 16 ಇಂಚಿನದೇ ಹುಡುಕಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ನಂಬರಿನ ಕೊನೆಗೆ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೊಸ ಮೆರುಗು ಕಂಡು ಟೈರ್ ಹೊಸದು ಅಂದುಕೊಳ್ಳಬೇಡಿ. ಹಿಮಕ್ಕೆ ಉಪ್ಪು ಹಾಕುವ ರಾಜ್ಯದ ಕಾರಾದರೆ ಅಡಿಯಲ್ಲಿ ತುಕ್ಕು ಹಿಡಿದಿದೆಯಾ ಅಂತ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೇ ತೋರಿಸಿ, ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಇನ್ಶುರೆನ್ಸ್‌ನವರು ಊರಿನಲ್ಲಿ ಎಷ್ಟೋ ವರ್ಷ ಓಡಿಸಿದ್ದನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಪಿ.ಬಿ. ರಸ್ತೆಯಲ್ಲಿ ಲಾರಿಗಳ ನಡುವೆ ಕಲಿತ ಕೈ ನಿಮ್ಮದಾದರೂ ಇಲ್ಲಿ ನೀವು ಹೊಸ ಡ್ರೈವರ್. ಹಾಗಾಗಿ ಎರಡೂ ಕಾರಿನ ವಿನ್ ನಂಬರ್ (VIN, ಪ್ರತಿ ಕಾರಿಗೂ ಇರುವ ಗುರುತಿನ ನಂಬರ್) ಕೊಟ್ಟು ಕಂತು ಎಷ್ಟು ಅಂತ ಮೊದಲೇ ಕೇಳಿ. ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ಕ್ಲೀನ್ ಇರಲಿ, ಸಾಲ್ವೇಜ್, ಅಂದರೆ ದೊಡ್ಡ ಹಾನಿಯಾಗಿದೆ ಅಂತ ಗುರುತಾದ ಕಾರು, ಬೇಡ. ದೋಷ ಸರಿಪಡಿಸಲು ಕಂಪನಿಯವರು ವಾಪಸ್ ಕರೆದ ರಿಕಾಲ್ ಇದೆಯಾ ಅಂತ ವಿನ್ ಹಾಕಿ ನೋಡಿ. ಕಾಗದದ ಕೆಲಸ ಅಷ್ಟೇ.

ಇಷ್ಟೆಲ್ಲ ಹೇಳಿದರೂ, ಸಂಸಾರ ಇರುವವರಿಗೆ ನಾನು ಕೊರೊಲ್ಲಾನೇ ಹೇಳುವುದು. ಹಿಂದಿನ ಸೀಟಿನಲ್ಲಿ ಕಾಲಿಗೆ ಅದರಲ್ಲಿ 41.4 ಇಂಚು ಜಾಗ, ಮಜ್ದಾದಲ್ಲಿ 35.8. ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟ್ ಕಟ್ಟಿದ ಮೇಲೆ ಈ ವ್ಯತ್ಯಾಸ ತುಂಬಾ ದೊಡ್ಡದು. ಮಂಡಿ ನೋವಿನ ಅಮ್ಮ ಊರಿಂದ ಬಂದಾಗ ಇನ್ನೂ ದೊಡ್ಡದು. 2017ರಿಂದ ಕೊರೊಲ್ಲಾದ ಎಲ್ಲ ಮಾಡೆಲ್‌ಗಳಲ್ಲೂ ಡಿಕ್ಕಿ ತಪ್ಪಿಸಲು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇದೆ, ಸಾಧ್ಯವಾದರೆ ಅಂಥದ್ದನ್ನೇ ನೋಡಿ.

ಇನ್ನೊಂದು ಕಾರಣ ಇದೆ. ಊರಿನಲ್ಲಿ ಕಾರು ಕೆಟ್ಟು ನಿಂತರೆ ಟೀ ಅಂಗಡಿಯವರು ಬಂದು ತಳ್ಳುತ್ತಿದ್ದರು. ಗುರುತಿನ ಮೆಕ್ಯಾನಿಕ್ ಬೈಕ್ ಹತ್ತಿ ಬರುತ್ತಿದ್ದ, ದುಡ್ಡು ಆಮೇಲೆ ಕೊಡಿ ಸಾರ್ ಅನ್ನುತ್ತಿದ್ದ. ಇಲ್ಲಿ ಜನವರಿಯ ಚಳಿಯಲ್ಲಿ, ಮಗು ಅಳುತ್ತಿರುವಾಗ, ಟೋ ಟ್ರಕ್ ಬರುವ ತನಕ ನೀವಿಬ್ಬರೇ. ಬಂದ ಹೊಸದರಲ್ಲಿ ಕರೆಯಲು ಒಂದು ಹೆಸರೂ ಇರುವುದಿಲ್ಲ. ನಾವು ಬಿಟ್ಟು ಬಂದದ್ದರಲ್ಲಿ ನನಗೆ ಈಗಲೂ ಸಂಕಟ ಆಗುವುದು ಈ ಒಂದರ ಬಗ್ಗೆ. ಅದಕ್ಕೇ ಮೊದಲ ಕಾರಿಗೆ ಕೊರೊಲ್ಲಾದ ಹಾಗೆ ಕಡಿಮೆ ಕೆಡುವ ಗುಣ ಬೇಕು, ಉಳಿದದ್ದು ಆಮೇಲೆ.

ಮತ್ತೆ, ಆ ಕಾರಿನಲ್ಲಿ ಕನ್ನಡದಲ್ಲೇ ಮಾತಾಡಿ. ನಮ್ಮ ಮಕ್ಕಳಿಗೆ ಕನ್ನಡ ಬಂದದ್ದು ಹೆಚ್ಚಾಗಿ ಹಿಂದಿನ ಸೀಟಿನಲ್ಲೇ, ಶಾಲೆಗೆ ಬಿಡುವಾಗ, ಯುಗಾದಿ ಊಟಕ್ಕೆ ದೂರ ಹೋಗುವಾಗ. ಮನೆಯಲ್ಲಿ ಅವರು ಟಿವಿ ಕಡೆ ಓಡುತ್ತಾರೆ, ಕಾರಿನಲ್ಲಿ ಕೇಳಿಸಿಕೊಳ್ಳುತ್ತಾರೆ.

ಒಬ್ಬರೇ ಇರುವವರು, ದಿನಾ ದೂರ ಓಡಿಸುವವರು ಮಜ್ದಾ ತಗೊಳ್ಳಿ, ಖುಷಿ ಕೊಡುತ್ತದೆ. ಯಾವುದೇ ಆಗಲಿ, ನೋಡಲು ಒಬ್ಬರೇ ಹೋಗಬೇಡಿ. ಇಲ್ಲಿ ನೀವಿರುವ ಊರಿನ ಕನ್ನಡ ಕೂಟದಲ್ಲಿ ಕೇಳಿ, ಸಂಕೋಚ ಬೇಡ. ಶನಿವಾರ ಬೆಳಿಗ್ಗೆ ಜೊತೆಗೆ ಬರುವವರು ಯಾರಾದರೂ ಸಿಗುತ್ತಾರೆ.